ಫ್ಲ್ಯಾಟ್ ಬೇಕಾದಷ್ಟು ಉಂಟು, ಬಾಡಿಗೆಗೆ ಮನೆ ಇಲ್ಲ

ಮಂಗಳೂರಿನಲ್ಲಿ ಮನೆ ಕಟ್ಟುವ ಕೆಲಸ ನಿಂತೇ ಇಲ್ಲ. ಕದ್ರಿಯಿಂದ ಬಿಜೈಗೆ, ಬಿಜೈಯಿಂದ ಕೊಟ್ಟಾರಕ್ಕೆ ಬಸ್ಸಿನ ಕಿಟಕಿ ಪಕ್ಕ ಕೂತು ಹೋದರೆ ಹಸಿರು ಬಲೆ ಹೊದ್ದ ಕಟ್ಟಡಗಳೇ ಕಾಣುತ್ತವೆ. ಆದರೆ ತಿಂಗಳಿಗೆ ಏಳೆಂಟು ಸಾವಿರ ಬಾಡಿಗೆ ಕೊಡಬಲ್ಲ ಒಂದು ಸಂಸಾರ ಈ ಊರಲ್ಲಿ ಮನೆ ಹುಡುಕಲು ಹೊರಟರೆ ಚಪ್ಪಲಿ ಸವೆಯುತ್ತದೆ, ಮನೆ ಸಿಗುವುದಿಲ್ಲ. ಇಷ್ಟು ಕಟ್ಟುತ್ತಿರುವಾಗ ಮನೆ ಇಲ್ಲ ಅಂದರೆ ಹೇಗೆ ಅಂತ ಬೆಂಗಳೂರಲ್ಲಿರುವ ನನ್ನ ತಂಗಿ ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಒಬ್ಬ ವಕೀಲರ ಕಚೇರಿಯಲ್ಲಿ ಪತ್ರಗಳನ್ನು ಟೈಪ್ ಮಾಡುವವಳು. ಕ್ರಯಪತ್ರ, ವಿಭಾಗಪತ್ರ, ಬಾಡಿಗೆ ಕರಾರು, ಬಿಲ್ಡರ್ ಜೊತೆ ಮಾಡಿಕೊಳ್ಳುವ ಜಾಯಿಂಟ್ ಡೆವಲಪ್‌ಮೆಂಟ್ ಅಗ್ರಿಮೆಂಟ್, ಎಲ್ಲವೂ ನನ್ನ ಕೈ ದಾಟಿಯೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತವೆ. ಸಂಜೆ ಮನೆಗೆ ಬಂದರೆ ನಾನೂ ಒಬ್ಬ ಬಾಡಿಗೆದಾರಳು. ಮೇಜಿನ ಎರಡೂ ಬದಿ ನನಗೆ ಗೊತ್ತು.

ಮೊದಲು ನಮ್ಮ ಕಾಂಪೌಂಡಿನ ವಿಷಯ ಹೇಳುತ್ತೇನೆ. ಮಂಗಳೂರಿನ ಹಳೆಯ ಕಾಂಪೌಂಡುಗಳನ್ನು ನೋಡದವರಿಗೆ ಇದು ಅರ್ಥ ಆಗುವುದು ಕಷ್ಟ. ಎದುರಿಗೆ ಮಾಲೀಕರ ದೊಡ್ಡ ಹಂಚಿನ ಮನೆ. ಹಿಂದೆ ಸಾಲಾಗಿ ನಾಲ್ಕು ಸಣ್ಣ ಹಂಚಿನ ಮನೆ. ಒಂದು ಜಗಲಿ, ಎರಡು ಕೋಣೆ, ಒಂದು ಅಡುಗೆ ಕೋಣೆ, ಹೊರಗೆ ಬಚ್ಚಲು. ಎಲ್ಲರಿಗೂ ಒಂದೇ ಬಾವಿ. ಎರಡು ಹಲಸಿನ ಮರ, ಒಂದಿಷ್ಟು ತೆಂಗು. ಜಾಗ ಒಟ್ಟು ಮೂವತ್ತು ಸೆಂಟ್ಸ್ ಚಿಲ್ಲರೆ (ನೂರು ಸೆಂಟ್ಸ್ ಅಂದರೆ ಒಂದು ಎಕರೆ). ಹಿಂದಿನ ನಾಲ್ಕು ಮನೆಯಲ್ಲಿ ಇದ್ದದ್ದು ನಾವು, ಒಬ್ಬ ರಿಕ್ಷಾ ಚಾಲಕರ ಸಂಸಾರ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಒಬ್ಬಳು ಮತ್ತು ಅವಳ ತಾಯಿ, ಮತ್ತೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಒಬ್ಬರು. ಬಾಡಿಗೆ ಐದೂವರೆ ಸಾವಿರ. ಮಳೆಗಾಲಕ್ಕೆ ಮೊದಲು ಮಾಲೀಕರೇ ಹಂಚು ತಿರುಗಿಸಿ ಹಾಕಿಸುತ್ತಿದ್ದರು.

ಮಾಲೀಕರು ತೀರಿಕೊಂಡರು. ಮಕ್ಕಳು ಒಬ್ಬರು ಮಸ್ಕತ್‌ನಲ್ಲಿ, ಒಬ್ಬರು ಮುಂಬೈಯಲ್ಲಿ, ಒಬ್ಬರು ಬೆಂಗಳೂರಿನಲ್ಲಿ. ಮೂವರಿಗೂ ಪಾಲು ಬೇಕು, ಮನೆಯನ್ನು ಮೂರು ತುಂಡು ಮಾಡಲು ಆಗುವುದಿಲ್ಲ. ಬಿಲ್ಡರಿಗೆ ಕೊಟ್ಟರೆ ಮೂವರಿಗೂ ಒಂದೊಂದು ಫ್ಲ್ಯಾಟ್, ಕೈಗೆ ಸ್ವಲ್ಪ ಹಣ. ಅವರ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಅವರು ಮನೆಮನೆಗೆ ಬಂದು ಕೈಮುಗಿದು ಹೇಳಿ ಹೋದರು, ಸಮಯವನ್ನೂ ಕೊಟ್ಟಿದ್ದಾರೆ.

ಆದರೆ ಲೆಕ್ಕ ನೋಡಿ. ಆ ಜಾಗದಲ್ಲಿ ಬರುವುದೆಲ್ಲ ಎರಡು ಬೆಡ್‌ರೂಮ್, ಮೂರು ಬೆಡ್‌ರೂಮಿನ ಫ್ಲ್ಯಾಟ್. ಮನೆಗಳ ಸಂಖ್ಯೆ ಐದರಿಂದ ನಲವತ್ತಕ್ಕೆ ಹೋಗುತ್ತದೆ. ಸರ್ಕಾರದ ಕಾಗದದಲ್ಲಿ ಅದು ಊರಿನ ಬೆಳವಣಿಗೆ. ಹಿಂದಿನ ಸಾಲಿನಲ್ಲಿದ್ದ ನಾಲ್ಕು ಸಂಸಾರದಲ್ಲಿ ಒಂದೂ ಆ ನಲವತ್ತರೊಳಗೆ ಬಾಡಿಗೆಗೂ ಹೋಗಲು ಆಗುವುದಿಲ್ಲ. ಅಲ್ಲಿ ಬಾಡಿಗೆ ಇಪ್ಪತ್ತು ಸಾವಿರದ ಹತ್ತಿರ ಇರುತ್ತದೆ, ಮೇಲೆ ಮೆಂಟೆನೆನ್ಸ್. ಕಾಂಪೌಂಡಿನಿಂದ ಕಾಂಪೌಂಡಿಗೆ ಇದೇ ಕಥೆ ನಡೆಯುತ್ತಿದೆ. ಮನೆ ಜಾಸ್ತಿ ಆಗುತ್ತಾ ಆಗುತ್ತಾ ನಮ್ಮಂಥವರ ಮನೆ ಕಮ್ಮಿ ಆಗುತ್ತಿದೆ.

ನಮ್ಮ ಪಕ್ಕದ ಕಾಂಪೌಂಡು ಹೋದ ವರ್ಷವೇ ಕೆಡವಿದರು. ನಾನು ಕಿಟಕಿಯಿಂದ ಎಲ್ಲವನ್ನೂ ನೋಡಿದ್ದೇನೆ. ಮೊದಲು ಹಳೆ ಸಾಮಾನಿನವರು ಬಂದರು. ಹಂಚುಗಳನ್ನು ಒಂದೊಂದಾಗಿ ಇಳಿಸಿ, ಹುಡಿ ತಟ್ಟಿ, ಒಡೆಯದಂತೆ ನಿಲ್ಲಿಸಿ ಜೋಡಿಸಿದರು. ಆಮೇಲೆ ಮಾಡಿನ ಮರಗಳಾದ ರೀಪು, ಪಕ್ಕಾಸು ಬಿಚ್ಚಿದರು. ಬೋಗಿ ಮರದ ಪಕ್ಕಾಸು, ನೂರು ವರ್ಷ ಹೊಗೆ ಕುಡಿದು ಕಪ್ಪಾಗಿದೆ, ಒಂದು ಹುಳವೂ ಹಿಡಿದಿಲ್ಲ. ಕೆತ್ತನೆಯ ಬಾಗಿಲು ದಾರಂದದ (ಚೌಕಟ್ಟಿನ) ಸಮೇತ ಒಂದು ಪಿಕಪ್‌ನಲ್ಲಿ ಹೋಯಿತು, ಯಾವುದೋ ಹೋಮ್‌ಸ್ಟೇಗಂತೆ. ಕೆಂಪು ಕಲ್ಲನ್ನೂ ಬಿಡಲಿಲ್ಲ. ಕೊನೆಗೆ ಜೆಸಿಬಿ ಬಂದು ಬಾವಿ ಮುಚ್ಚಿತು. ಉಳಿದದ್ದು ಮೂಲೆಯ ನಾಗಬನ ಮಾತ್ರ. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಸುತ್ತ ಸಣ್ಣ ಗೋಡೆ ಕಟ್ಟಿ, ಗೇಟಿಟ್ಟು, ಪ್ಲ್ಯಾನಿನಲ್ಲೇ ಜಾಗ ಬಿಟ್ಟಿದ್ದಾರೆ. ನಾಗರಪಂಚಮಿಗೆ ಕುಟುಂಬದವರು ಬಂದು ನಾಗನಿಗೆ ತನು ಹಾಕಿ, ಅಂದರೆ ಹಾಲೆರೆದು, ಹೋಗಲು ದಾರಿ ಉಂಟು ಅಂತ ಪತ್ರದಲ್ಲೇ ಬರೆಸಿಕೊಂಡಿದ್ದಾರೆ. ಒಳ್ಳೆಯದಾಯಿತು. ಬಿಲ್ಡರ್ ಮನಸ್ಸು ಮಾಡಿದರೆ, ಮಾಲೀಕರು ಪಟ್ಟು ಹಿಡಿದರೆ, ಪ್ಲ್ಯಾನಿನಲ್ಲಿ ಜಾಗ ಉಳಿಸಬಹುದು ಅಂತ ಇದರಿಂದ ಗೊತ್ತಾಗುತ್ತದೆ.

ಸರಿ, ಬಾಡಿಗೆ ಬೇಡ, ಸಾಲ ಮಾಡಿ ಕೊಂಡುಕೊಳ್ಳಿ ಅನ್ನುವವರಿದ್ದಾರೆ. ಇತ್ತೀಚೆಗೆ ನಾನೇ ಟೈಪ್ ಮಾಡಿದ ಒಂದು ಫ್ಲ್ಯಾಟಿನ ಲೆಕ್ಕ ಹೇಳುತ್ತೇನೆ. ಬೆಲೆ 70 ಲಕ್ಷ, ಕಟ್ಟಡ ಇನ್ನೂ ಮುಗಿದಿಲ್ಲ. ಸ್ಟ್ಯಾಂಪ್ ಡ್ಯೂಟಿ ಶೇ 5. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2. ಎರಡೂ ಸೇರಿ 5 ಲಕ್ಷದ 32 ಸಾವಿರ. ಕಟ್ಟುತ್ತಿರುವ ಫ್ಲ್ಯಾಟ್ ಆದ್ದರಿಂದ ಶೇ 5 ಜಿಎಸ್‌ಟಿ, ಅದು ಮೂರೂವರೆ ಲಕ್ಷ. ಈ ಬೆಲೆಯ ಮನೆಗೆ ಬ್ಯಾಂಕು ಹೆಚ್ಚೆಂದರೆ ಶೇ 80 ಸಾಲ ಕೊಡಬಹುದು. ಉಳಿದ 14 ಲಕ್ಷ ನಮ್ಮದೇ ಆಗಬೇಕು, ಮತ್ತು ಸ್ಟ್ಯಾಂಪ್ ಡ್ಯೂಟಿ, ನೋಂದಣಿಯ ಹಣ ಆ ಸಾಲದಲ್ಲಿ ಬರುವುದಿಲ್ಲ. ಅಂದರೆ ಜಿಎಸ್‌ಟಿಯೂ ಸೇರಿ ಬೀಗದ ಕೈ ಸಿಗುವ ಮೊದಲು ಸುಮಾರು 23 ಲಕ್ಷ ಕೈಯಲ್ಲಿರಬೇಕು. ಆಮೇಲೆ 56 ಲಕ್ಷಕ್ಕೆ ಶೇ 8.5 ಬಡ್ಡಿ, 20 ವರ್ಷ ಅಂತ ಹಿಡಿದರೆ ತಿಂಗಳ ಕಂತು 48,600 ರೂಪಾಯಿ. ನಮ್ಮ ಕಾಂಪೌಂಡಿನ ನಾಲ್ಕು ಮನೆಯ ಸಂಬಳದಲ್ಲಿ ಒಂದೂ ಈ ಕಂತಿನಷ್ಟು ಇಲ್ಲ.

ಜಿಎಸ್‌ಟಿ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. 2019ರ ಏಪ್ರಿಲ್‌ನಿಂದ ಕೈಗೆಟಕುವ ಮನೆಗೆ ಶೇ 1 ಮಾತ್ರ ತೆರಿಗೆ. ಅದಕ್ಕೆ ಬೆಲೆ 45 ಲಕ್ಷದೊಳಗೆ ಇರಬೇಕು, ನಮ್ಮಂಥ ಊರಿನಲ್ಲಿ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗಿನ ನೆಲದ ಅಳತೆ, 90 ಚದರ ಮೀಟರ್ ಮೀರಬಾರದು. ಅಳತೆಯಲ್ಲಿ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟುಗಳೆಲ್ಲ ಪಾಸಾಗುತ್ತವೆ. ಬೆಲೆಯಲ್ಲಿ ಫೇಲ್. ಊರಿನ ನಡುವೆ 45 ಲಕ್ಷದೊಳಗಿನ ಹೊಸ ಫ್ಲ್ಯಾಟಿನ ಪತ್ರ ನನ್ನ ಮೇಜಿಗೆ ಬರುವುದು ಹೆಚ್ಚುಕಮ್ಮಿ ನಿಂತೇ ಹೋಗಿದೆ. ಬೆಲೆ ಏರುತ್ತಾ ಹೋಯಿತು, 45 ಲಕ್ಷದ ಗೆರೆ ಇದ್ದಲ್ಲೇ ಇದೆ.

ಬೆಲೆ ಯಾಕೆ ಹೀಗೆ ಏರುತ್ತದೆ ಅನ್ನುವುದಕ್ಕೆ ಮೊದಲ ಉತ್ತರ ಭೂಪಟದಲ್ಲೇ ಉಂಟು. ಪಶ್ಚಿಮಕ್ಕೆ ಸಮುದ್ರ. ತೆಂಕಕ್ಕೆ ನೇತ್ರಾವತಿ. ಬಡಗಕ್ಕೆ ಫಲ್ಗುಣಿ, ಅಂದರೆ ಗುರುಪುರ ನದಿ. ನಡುವೆ ಗುಡ್ಡ, ಕಣಿವೆ, ಒಂದಿಷ್ಟು ಗದ್ದೆ. ಪಣಂಬೂರಿನಿಂದ ಆಚೆ ಬಂದರು, ರಸಗೊಬ್ಬರ ಕಾರ್ಖಾನೆ, ತೈಲ ಶುದ್ಧೀಕರಣ ಘಟಕ ಅಂತ ಸಾವಿರಾರು ಎಕರೆ ಹೋಗಿದೆ. ಸಮತಟ್ಟು ಜಾಗ ಬೇಕಾದರೆ ಗುಡ್ಡ ಕಡಿಯಬೇಕು. ಪಾರ್ಕಿಂಗಿಗಾಗಿ ನೆಲದಡಿ ಇನ್ನೂ ಕಡಿಯಬೇಕು. ಮಳೆಗಾಲದಲ್ಲಿ ಕಡಿದ ಗುಡ್ಡ ನಿಲ್ಲುವುದಿಲ್ಲ. 2024ರ ಜುಲೈಯಲ್ಲಿ ಬಲ್ಮಠದಲ್ಲಿ ಕಟ್ಟಡದ ಕೆಲಸ ನಡೆಯುವಲ್ಲಿ ಮಣ್ಣು ಕುಸಿದು ಒಬ್ಬ ಕೂಲಿ ಕಾರ್ಮಿಕ ಸತ್ತ. ಉತ್ತರ ಪ್ರದೇಶದಿಂದ ಬಂದವನು. ಈ ಊರಿನ ಫ್ಲ್ಯಾಟುಗಳ ಬೆಲೆ ಲೆಕ್ಕ ಹಾಕುವಾಗ ನನಗೆ ಅದೂ ನೆನಪಾಗುತ್ತದೆ.

ಇನ್ನೊಂದು ಕಾರಣ ದಿರ್ಹಮ್. ನಮ್ಮ ಜಿಲ್ಲೆಯ ಎಷ್ಟೋ ಮನೆ ಗಲ್ಫ್ ಹಣದಿಂದ ನಿಂತಿದೆ. ಅದರಿಂದ ಮಕ್ಕಳು ಓದಿದ್ದಾರೆ, ಮದುವೆಗಳು ನಡೆದಿವೆ, ಅದನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ 2014ರ ಹೊತ್ತಿಗೆ ಒಂದು ದಿರ್ಹಮ್‌ಗೆ 16-17 ರೂಪಾಯಿ ಇತ್ತು. 2025ರ ಕೊನೆಗೆ 24 ದಾಟಿತ್ತು. ದುಬೈಯಲ್ಲಿ ದುಡಿಯುವವರಿಗೆ ಮಂಗಳೂರಿನ ಫ್ಲ್ಯಾಟು ನಮಗೆ ದುಬಾರಿಯಾದಷ್ಟು ದುಬಾರಿಯಾಗಲೇ ಇಲ್ಲ. ನಾವಿಬ್ಬರೂ ಒಂದೇ ಅಂಗಡಿಗೆ ಹೋಗುತ್ತಿದ್ದೇವೆ, ಕೈಯಲ್ಲಿರುವ ನೋಟು ಬೇರೆ.

ಮತ್ತೆ ಕಾಲೇಜುಗಳು. 1955ರಲ್ಲಿ ಇಲ್ಲಿ ಕೆಎಂಸಿ, ಅಂದರೆ ಕಸ್ತೂರ್ಬಾ ಮೆಡಿಕಲ್ ಕಾಲೇಜು, ಶುರುವಾದ ಮೇಲೆ ಈ ಊರು ಓದುವವರ ಊರಾಯಿತು. ಈಗ ದೇರಳಕಟ್ಟೆಯಿಂದ ಸುರತ್ಕಲ್‌ವರೆಗೆ ಮೆಡಿಕಲ್, ಡೆಂಟಲ್, ನರ್ಸಿಂಗ್, ಎಂಜಿನಿಯರಿಂಗ್. ಕೇರಳದಿಂದ, ಕೊಡಗಿನಿಂದ, ಮಲೆನಾಡಿನಿಂದ ಮಕ್ಕಳು ಬರುತ್ತಾರೆ. ಹಾಸ್ಟೆಲ್ ಸಾಲುವುದಿಲ್ಲ. ಎರಡು ಬೆಡ್‌ರೂಮಿನ ಮನೆಯಲ್ಲಿ ಆರು ಮಂಚ ಹಾಕಿ ತಲೆಗೆ ಇಷ್ಟು ಅಂತ ವಸೂಲು ಮಾಡಿದರೆ ಬರುವ ಹಣವನ್ನು ಒಂದು ಸಂಸಾರ ಕೊಡಲು ಸಾಧ್ಯವೇ ಇಲ್ಲ. ಹಾಗಾಗಿ ಕಂಕನಾಡಿ, ಅತ್ತಾವರ ಕಡೆ ಸಂಸಾರಕ್ಕೆ ಕೊಡುತ್ತಿದ್ದ ಮನೆಗಳು ಒಂದೊಂದಾಗಿ ಪಿ.ಜಿ. ಆಗಿವೆ. ಆ ಮಕ್ಕಳಿಗೂ ಅಲ್ಲಿ ಸುಖ ಇಲ್ಲ, ಅದು ಬೇರೆಯೇ ಬರೆಯಬೇಕಾದ ವಿಷಯ.

ಕಟ್ಟುವ ಖರ್ಚೂ ಏರಿದೆ. 2025ರ ಮಳೆಗಾಲದಲ್ಲಿ ಜಿಲ್ಲೆಯಲ್ಲಿ ಕೆಂಪು ಕಲ್ಲು, ಮರಳು ಎರಡಕ್ಕೂ ತತ್ವಾರ ಬಂತು. ಕೂಲಿಯವರು ಕೆಲಸ ಇಲ್ಲದೆ ಪ್ರತಿಭಟನೆಗೆ ಇಳಿದರು. ಸ್ವಂತಕ್ಕೆ ಐದು ಸೆಂಟ್ಸಿನಲ್ಲಿ ಸಣ್ಣ ಮನೆ ಕಟ್ಟುತ್ತಿದ್ದವರು ಅರ್ಧಕ್ಕೇ ನಿಂತರು. ದೊಡ್ಡ ಬಿಲ್ಡರ್ ಕಾಯಬಲ್ಲ. ಸಾಲದ ಕಂತು ಕಟ್ಟುತ್ತಾ ಬಾಡಿಗೆಯನ್ನೂ ಕೊಡುತ್ತಿರುವವರು ಎಷ್ಟು ದಿನ ಕಾಯುತ್ತಾರೆ?

ನಾವು ಮನೆ ಹುಡುಕಲು ಶುರು ಮಾಡಿದ ಮೇಲೆ ಕಂಡದ್ದು ಇನ್ನೊಂದು ಮುಖ. ಬ್ರೋಕರ್ ಫೋನ್ ಎತ್ತಿದ ಕೂಡಲೇ ಬಜೆಟ್ ಕೇಳುವುದಿಲ್ಲ. "ನೀವು ಯಾವ ಜನ?" ಅದೇ ಮೊದಲ ಪ್ರಶ್ನೆ. ಆಮೇಲೆ ಮೀನು ತಿನ್ನುತ್ತೀರಾ ಅಂತ. ಸಮುದ್ರದ ಬದಿಯ ಊರಿನಲ್ಲಿ ಮೀನು ತಿನ್ನುವವರಿಗೆ ಮನೆ ಇಲ್ಲ ಅಂದರೆ ಏನು ಹೇಳುವುದು. ನಮ್ಮ ಕಾಂಪೌಂಡಿನ ರಿಕ್ಷಾದವರು ಬ್ಯಾರಿಗಳು, ಅಂದರೆ ಈ ಕರಾವಳಿಯ ಮುಸ್ಲಿಮರು. ಅವರು ಹೆಸರು ಹೇಳಿದ ಕೂಡಲೇ ಮೂರು ಕಡೆ "ಮೊನ್ನೆಯೇ ಹೋಯಿತು" ಅಂತ ಫೋನಿಟ್ಟರು. ಅದೇ ಮೂರರಲ್ಲಿ ಒಂದು ಮನೆ ಮರುದಿನ ನನಗೆ ಖಾಲಿ ಇತ್ತು. ನಾನು ಆ ಮನೆ ನೋಡಲು ಹೋಗಲಿಲ್ಲ. ಇಪ್ಪತ್ತು ವರ್ಷ ಒಂದೇ ಬಾವಿಯ ನೀರು ಸೇದಿದವರು ನಾವು. ಮನೆ ಕಮ್ಮಿ ಇರುವ ಊರಿನಲ್ಲಿ ಮಾಲೀಕರಿಗೆ ಆರಿಸುವ ಸೌಕರ್ಯ ಜಾಸ್ತಿ, ಆಗ ಮನಸ್ಸಿನ ಕೊಳೆಯೆಲ್ಲ ಮೇಲೆ ಬರುತ್ತದೆ.

ಹೊರಗೆ ಹೋದರೆ ಸಿಗುತ್ತದೆ. ವಾಮಂಜೂರು, ಮೂಡುಶೆಡ್ಡೆ, ಫರಂಗಿಪೇಟೆ ಕಡೆ ಬಾಡಿಗೆ ಕಮ್ಮಿ. ಆದರೆ ಬಸ್ಸಿನ ಲೆಕ್ಕ ಸೇರಿಸಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ನಮ್ಮ ಊರಿನಲ್ಲಿ ಓಡುವುದು ಹೆಚ್ಚಿನದು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತೆಗೆಯಲೇಬೇಕು. ನಮ್ಮ ನರ್ಸ್ ಹುಡುಗಿಗೆ ರಾತ್ರಿ ಪಾಳಿ ಉಂಟು. ಎಂಟು ಗಂಟೆ ದಾಟಿದರೆ ಆ ಕಡೆಗೆ ಬಸ್ಸು ಅಪರೂಪ. ಆಸ್ಪತ್ರೆಯ ಹತ್ತಿರ ಇರಬೇಕಾದವಳು ಊರಿನ ಹೊರಗೆ ಹೋಗಬೇಕು, ಆಸ್ಪತ್ರೆಯ ಎದುರಿನ ಕಟ್ಟಡದಲ್ಲಿ ಅರ್ಧ ಫ್ಲ್ಯಾಟು ವರ್ಷವಿಡೀ ಬೀಗ.

ಆ ಬೀಗದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇಲ್ಲಿ ಏನಾದರೂ ಮಾಡಲು ಸಾಧ್ಯ ಉಂಟು ಅಂತ ನನಗೆ ಅನಿಸುತ್ತದೆ. ಕೊಂಡು ಬೀಗ ಹಾಕಿ ಹೋಗುವವರನ್ನು ಯಾಕೆ ಬಾಡಿಗೆಗೆ ಕೊಡುವುದಿಲ್ಲ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ. "ಕೊಟ್ಟರೆ ಬಿಡುವುದಿಲ್ಲ ಮಾರಾಯ್ರೆ." ಈ ಹೆದರಿಕೆಗೆ ನಮ್ಮ ಜಿಲ್ಲೆಯಲ್ಲಿ ಆಳವಾದ ಬೇರು ಇದೆ. 1974ರಲ್ಲಿ ಭೂಸುಧಾರಣೆ ಕಾನೂನಿಗೆ ತಿದ್ದುಪಡಿ ಬಂತು. ಗೇಣಿಗೆ ಉಳುತ್ತಿದ್ದ ಒಕ್ಕಲುಗಳು ಡಿಕ್ಲರೇಶನ್ (ಉಳುವವರು ನಾವೇ ಅನ್ನುವ ಅರ್ಜಿ) ಹಾಕಿ ಜಾಗದ ಒಡೆಯರಾದರು. ಅದು ಆಗಲೇಬೇಕಿತ್ತು. ನನ್ನ ಅಜ್ಜನಿಗೂ ಹಾಗೆಯೇ ಎರಡು ಎಕರೆ ಸಿಕ್ಕಿದ್ದು. ಆದರೆ ಜಾಗ ಕಳೆದುಕೊಂಡ ಮನೆಗಳಲ್ಲಿ "ಬೇರೆಯವರನ್ನು ಕೂರಿಸಿದರೆ ಹೋಯಿತು" ಅನ್ನುವ ಮಾತು ಮಕ್ಕಳು ಮೊಮ್ಮಕ್ಕಳಿಗೂ ಬಂತು. ಅದರ ಜೊತೆಗೆ 1961ರ ಬಾಡಿಗೆ ನಿಯಂತ್ರಣ ಕಾನೂನು. ಆಗ ಬಾಡಿಗೆದಾರರನ್ನು ಬಿಡಿಸುವುದು ನಿಜವಾಗಿಯೂ ಕಷ್ಟ ಇತ್ತು.

ಈಗ ಹಾಗಿಲ್ಲ. ಭೂಸುಧಾರಣೆ ಕಾನೂನು ಕೃಷಿ ಜಮೀನಿನದ್ದು, ಫ್ಲ್ಯಾಟಿಗೂ ಅದಕ್ಕೂ ಸಂಬಂಧವೇ ಇಲ್ಲ. 1961ರ ಕಾನೂನು ಹೋಗಿ 1999ರ ಬಾಡಿಗೆ ಕಾಯ್ದೆ ಬಂತು. ಅದು ದೊಡ್ಡ ಊರುಗಳಲ್ಲೂ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಮನೆಗಳನ್ನು ಮುಟ್ಟುವುದಿಲ್ಲ. ಇವತ್ತು ಫ್ಲ್ಯಾಟಿನ ಬಾಡಿಗೆ ಅದಕ್ಕಿಂತ ಎಷ್ಟೋ ಮೇಲೆ. ಹಾಗಾಗಿ ಎಲ್ಲ ನಡೆಯುವುದು ಕರಾರಿನಲ್ಲಿ ಬರೆದ ಹಾಗೆ, ಮತ್ತೆ ಆಸ್ತಿ ವರ್ಗಾವಣೆ ಕಾಯ್ದೆಯ ಹಾಗೆ. ನಾವು ಹನ್ನೊಂದು ತಿಂಗಳ ಕರಾರು ಮಾಡುವುದು ಯಾಕೆಂದರೆ ಒಂದು ವರ್ಷ ಮೀರಿದ ಲೀಸನ್ನು ನೋಂದಣಿ ಮಾಡಲೇಬೇಕು. ಅವಧಿ, ನೋಟಿಸಿನ ಸಮಯ, ಬಾಡಿಗೆ ಏರಿಕೆ, ಅಡ್ವಾನ್ಸ್ ವಾಪಸ್ ಕೊಡುವ ದಿನ, ಇಷ್ಟನ್ನು ಸ್ಪಷ್ಟವಾಗಿ ಬರೆಸಿಕೊಂಡರೆ ಹೆದರಲು ಕಾರಣ ಇಲ್ಲ. ಕೋರ್ಟಿಗೆ ಹೋದರೆ ತಡ ಆಗುತ್ತದೆ, ನಿಜ. ಆದರೆ ಕೋರ್ಟಿಗೆ ಹೋಗುವ ಬಾಡಿಗೆ ಕರಾರು ನಮ್ಮ ಕಚೇರಿಯಲ್ಲಿ ನಾನು ಕಂಡದ್ದು ತೀರಾ ಕಮ್ಮಿ. ಜಾಸ್ತಿ ಜಗಳ ಅಡ್ವಾನ್ಸ್ ವಾಪಸ್ ಕೊಡದ್ದಕ್ಕೇ ಆಗುವುದು.

ಹೋದ ತಿಂಗಳು ಒಬ್ಬ ನಿವೃತ್ತ ಟೀಚರು ಬಂದಿದ್ದರು. ಮಗ ದೋಹಾದಲ್ಲಿ. ಅವನ ಫ್ಲ್ಯಾಟು ಉರ್ವದಲ್ಲಿ ಮೂರು ವರ್ಷ ಮುಚ್ಚಿಯೇ ಇತ್ತು. ಸಮುದ್ರದ ಗಾಳಿಗೆ ಗ್ರಿಲ್ ತುಕ್ಕು ಹಿಡಿದಿದೆ, ಮಳೆಗಾಲದಲ್ಲಿ ಗೋಡೆಗೆ ಬೂಸಲು ಬಂದು ಕಪಾಟಿನ ಪ್ಲೈವುಡ್ ಉಬ್ಬಿದೆ. ರಿಪೇರಿಯ ಬಿಲ್ಲು ನೋಡಿ ಅವರಿಗೇ ಬೇಸರ ಆಯಿತು. ನಾನು ಕರಾರಿನ ಷರತ್ತುಗಳನ್ನು ಒಂದೊಂದಾಗಿ ಓದಿ ಹೇಳಿದೆ. ಎರಡು ತಿಂಗಳ ಅಡ್ವಾನ್ಸ್, ಹನ್ನೆರಡು ಸಾವಿರ ಬಾಡಿಗೆ, ಎರಡೂ ಕಡೆಯವರಿಗೆ ಎರಡು ತಿಂಗಳ ನೋಟಿಸು. ಮಾರ್ಕೆಟ್ ರೇಟಿಗಿಂತ ಕಮ್ಮಿ ಅಂತ ಅವರಿಗೂ ಗೊತ್ತಿತ್ತು. ಮನೆಯಲ್ಲಿ ಜನ ಇದ್ದರೆ ಸಾಕು ಅಂದರು. ನಮ್ಮ ನರ್ಸ್ ಮತ್ತು ಅವಳ ತಾಯಿ ಬರುವ ತಿಂಗಳು ಅಲ್ಲಿಗೆ ಹೋಗುತ್ತಾರೆ. ಹನ್ನೆರಡು ಸಾವಿರ ಅವಳಿಗೆ ಭಾರವೇ. ಆದರೆ ಡ್ಯೂಟಿ ಮುಗಿಸಿ ರಾತ್ರಿ ಮನೆ ಸೇರಬಹುದು.

ಒಬ್ಬರ ಒಳ್ಳೆಯತನದಿಂದ ಒಂದು ಮನೆ ಸಿಕ್ಕಿತು. ಊರಿಗೆ ಊರೇ ಹಾಗೆ ನಡೆಯುವುದಿಲ್ಲ, ಅದಕ್ಕೆ ನಿಯಮ ಬೇಕು. ಕಟ್ಟಡದ ಲೈಸೆನ್ಸ್ ಕೊಡುವಾಗ ಇಷ್ಟು ಫ್ಲ್ಯಾಟಿಗೆ ಇಷ್ಟು ಕಾರಿನ ಜಾಗ ಅಂತ ನಿಯಮ ಉಂಟು. ರಸ್ತೆಗೆ ಇಷ್ಟು ಬಿಡಬೇಕು, ಮಳೆನೀರು ಇಂಗಿಸಬೇಕು ಅಂತಲೂ ಉಂಟು. ಬಾಡಿಗೆ ಮನೆ ಕೆಡವಿದ ಜಾಗದಲ್ಲಿ ಅಷ್ಟೇ ಸಂಖ್ಯೆಯ ಸಣ್ಣ ಮನೆ, ಒಂದು ಬೆಡ್‌ರೂಮಿನದ್ದಾದರೂ ಆದೀತು, ಬಾಡಿಗೆಗೆಂದೇ ಅದೇ ಕಟ್ಟಡದಲ್ಲಿ ಇರಬೇಕು ಅಂತ ಯಾಕೆ ಒಂದು ಸಾಲು ಸೇರಿಸಬಾರದು? ಬೇಕಾದರೆ ಅದಕ್ಕೆ ಬದಲಾಗಿ ಬಿಲ್ಡರಿಗೆ ಒಂದು ಮಹಡಿ ಜಾಸ್ತಿ ಕಟ್ಟಲು ಬಿಡಲಿ. ನಲವತ್ತರಲ್ಲಿ ನಾಲ್ಕು ಮನೆ ಅಷ್ಟೇ. ಕೆನಡಾದ ವ್ಯಾಂಕೂವರ್ ಕೂಡ ಸಮುದ್ರದ ಬದಿಯ ಊರು. ಅಲ್ಲಿ 2017ರಿಂದ ಖಾಲಿ ಬಿಟ್ಟ ಮನೆಗೆ ಬೇರೆ ತೆರಿಗೆಯೇ ಉಂಟು. ಅಷ್ಟು ದೂರ ನಾವು ಈಗಲೇ ಹೋಗಬೇಕೆಂದಿಲ್ಲ. ಮೊದಲು ಯಾವ ವಾರ್ಡಿನಲ್ಲಿ ಎಷ್ಟು ಮನೆಗೆ ಬೀಗ ಇದೆ, ಎಷ್ಟು ಬಾಡಿಗೆ ಮನೆ ಕೆಡವಿದ್ದಾರೆ ಅಂತ ಪಾಲಿಕೆ ಬರೆದಿಡಲಿ. ಕೆಡವಲು ಬಂದ ಅರ್ಜಿಯಲ್ಲಿ "ಇಲ್ಲಿ ಬಾಡಿಗೆಗೆ ಇರುವ ಸಂಸಾರ ಎಷ್ಟು" ಅಂತ ಒಂದು ಕಾಲಮ್ ಇಡಲು ಯಾವ ಖರ್ಚೂ ಇಲ್ಲ. ಪಾಲಿಕೆ ಚುನಾವಣೆಗೆ ವೋಟು ಕೇಳಲು ಬರುವವರಿಗೆ, ಯಾವ ಪಕ್ಷದವರೇ ಆಗಲಿ, ನಾನು ಮೊದಲು ಆ ಕಾಲಮ್ಮಿನ ವಿಷಯವನ್ನೇ ಕೇಳುತ್ತೇನೆ.